ತುಪ್ಪದ ಮಿಳ್ಳೆ

ಅಣ್ಣನ ಹೊಸ ಮನೆಯ ಗೃಹಪ್ರವೇಶ. ಮೊದಲ ಪಂಕ್ತಿ ಕೂತಿತ್ತು. ಕೋಸಂಬರಿ, ಪಲ್ಯ, ಗೊಜ್ಜು ಎಲ್ಲ ಬಂದು, ಅನ್ನ ತೊವ್ವೆಯೂ ಬಿದ್ದು, ಅಡುಗೆ ಭಟ್ಟರು ತುಪ್ಪದ ಮಿಳ್ಳೆ ಹಿಡಿದು ಅಣ್ಣನ ಮಗಳ ಎಲೆಯ ಮುಂದೆ ಬಗ್ಗಿದರು. ಅವಳು ಎರಡೂ ಕೈ ಅಡ್ಡ ಹಿಡಿದಳು.

"ಬೇಡಿ ಭಟ್ರೇ, ನಾನು ವೀಗನ್."

ಭಟ್ಟರಿಗೆ ಅದು ಯಾವುದೋ ಅಪರೂಪದ ಗೋತ್ರದಂತೆ ಕೇಳಿಸಿರಬೇಕು. "ಆಗ್ಲಿ ತಾಯಿ, ಶಾಸ್ತ್ರಕ್ಕೆ ಒಂದು ತೊಟ್ಟು?"

"ಹಾಲಿಂದು ಏನೂ ತಿನ್ನಲ್ಲ."

"ಇದು ಹಾಲಲ್ವಲ್ಲ, ತುಪ್ಪ!"

ಪಕ್ಕದ ಎಲೆಯಲ್ಲಿ ಅವಳ ಸೋದರಮಾವ. ಆರು ತಿಂಗಳಿಂದ ಕೀಟೋ. "ಅವಳ ಪಾಲೂ ನನಗೇ ಹಾಕಿ ಭಟ್ರೇ. ಈ ಅನ್ನ ಮಾತ್ರ ತೆಗೀರಿ" ಎಂದರು. ಎಲೆಗೆ ಬಡಿಸಿದ ಅನ್ನವನ್ನು ತೆಗೆಯುವುದು ಹೇಗೆಂದು ಭಟ್ಟರ ಮೂವತ್ತು ವರ್ಷದ ವೃತ್ತಿಯಲ್ಲಿ ಯಾರೂ ಕಲಿಸಿರಲಿಲ್ಲ. ಕೀಟೋ ಎಂಬುದು 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರೊಬ್ಬರು ಮೂರ್ಛೆರೋಗದವರಿಗೆ ಸೂಚಿಸಿದ ಪಥ್ಯ. ನಮ್ಮ ಮಾವನವರಿಗೆ ಹೊಟ್ಟೆಯ ಸುತ್ತಳತೆ ಬಿಟ್ಟರೆ ಬೇರೆ ರೋಗವಿಲ್ಲ. ಮೂರ್ಛೆ ಏನಿದ್ದರೂ ಅತ್ತೆಯವರಿಗೆ, ತಿಂಗಳ ತುಪ್ಪದ ಲೆಕ್ಕ ನೋಡಿದಾಗ.

"ಹಾಲು ಬಿಟ್ರೆ ಮೂಳೆ ಗತಿ ಏನೇ?" ಎಂದು ಅದೇ ಅತ್ತೆ ಎದುರು ಸಾಲಿನಿಂದ ಕೇಳಿದರು.

"ರಾಗಿ ಇದೆಯಲ್ಲ ಅತ್ತೆ!"

ಹುಡುಗಿ ಓದಿಕೊಂಡಿದ್ದಳು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮೀರಿ ಸುಣ್ಣದಂಶವಿದೆ. ಅಷ್ಟೇ ಹಸುವಿನ ಹಾಲಿನಲ್ಲಿ ಸುಮಾರು 120. ಅದೆಲ್ಲ ಮೈಗೆ ಹತ್ತುವುದಿಲ್ಲ, ರಾಗಿಯಲ್ಲಿರುವ ಫೈಟೇಟು ಸುಣ್ಣವನ್ನು ಬಿಗಿಹಿಡಿದಿರುತ್ತದೆ, ಮೊಳಕೆ ಕಟ್ಟಿದರೆ ಹಿಡಿತ ಸಡಿಲವಾಗುತ್ತದೆ ಎಂದು ನಾನು ತೊವ್ವೆ ಕಲಸುತ್ತ ಉಪನ್ಯಾಸ ಮಾಡಿದೆ. ಯಾರೂ ಕೇಳಲಿಲ್ಲ. ಊಟದ ಜಗಳ ನಮಗೇನೂ ಹೊಸದಲ್ಲ. ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಭತ್ತವೂ ರಾಗಿಯೂ ನಾ ಹೆಚ್ಚು ನೀ ಹೆಚ್ಚು ಎಂದು ರಾಮನವರೆಗೆ ಹೋದವು. ರಾಮ ತೀರ್ಪು ಕೊಡುವ ಅವಸರ ಮಾಡಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಭತ್ತ ಕೆಟ್ಟಿತು, ರಾಗಿ ಉಳಿಯಿತು. ಈ ಪದ್ಧತಿಯನ್ನು ಆಹಾರತಜ್ಞರ ಮೇಲೂ ಪ್ರಯೋಗಿಸಬಹುದೆಂದು ನನಗೆ ಆಗಾಗ ಅನ್ನಿಸುವುದುಂಟು.

ವೀಗನ್ ಪದಕ್ಕೆ ಅಷ್ಟೇನೂ ವಯಸ್ಸಾಗಿಲ್ಲ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಹಾಲು ಮೊಟ್ಟೆಗಳನ್ನೂ ಬಿಟ್ಟವರಿಗೆ ಬೇರೆ ಹೆಸರು ಬೇಕೆಂದು ಕಟ್ಟಿದ್ದು. ಆ ಮನುಷ್ಯ ತೊಂಬತ್ತೈದು ವರ್ಷ ಬಾಳಿದ. ಇದನ್ನು ಹುಡುಗಿ ಹೇಳಿದಾಗ ಮಾವ, "ನಮ್ಮಜ್ಜ ದಿನಾ ಚೊಂಬು ಹಾಲು ಕುಡಿದು ತೊಂಬತ್ತೆಂಟು ಬದುಕಿದ್ರು" ಎಂದರು. ಅಜ್ಜಂದಿರನ್ನು ಎದುರುಬದುರು ಕೂರಿಸಿದರೆ ಯಾವ ವಾದವೂ ಮುಂದೆ ಸಾಗುವುದಿಲ್ಲ.

ಆಗ ನಾನು ಗಾಂಧೀಜಿಯನ್ನು ತಂದೆ. 1912ರಲ್ಲಿ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅವರು ಹಾಲು ಬಿಟ್ಟರು. ಮುಂದೆ ಆಮಶಂಕೆಯಿಂದ ಹಾಸಿಗೆ ಹಿಡಿದಾಗ ವೈದ್ಯರು ಹಾಲಿಲ್ಲದೆ ಶರೀರ ನಿಲ್ಲದೆಂದರು. ವ್ರತ ತೊಟ್ಟಾಗ ನಿಮ್ಮ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆ ತಾನೆ, ಆಡಿನ ಹಾಲಿಗೇನು ಅಡ್ಡಿ ಎಂಬ ದಾರಿ ತೋರಿದವರು ಕಸ್ತೂರಬಾ. ಗಾಂಧೀಜಿ ಕುಡಿದರು, ವ್ರತದ ಅಕ್ಷರವಷ್ಟೇ ಉಳಿಯಿತೆಂದು ಆತ್ಮಕಥೆಯಲ್ಲಿ ನೊಂದುಕೊಂಡರು.

"ನೋಡಿದ್ಯಾ, ಮನೆಯವಳ ಮಾತು ಕೇಳಿದ್ರು" ಎಂದರು ಅತ್ತೆ. ನಾನು ಹೇಳಹೊರಟದ್ದು ಅದಲ್ಲ.

ಅಷ್ಟರಲ್ಲಿ ಭಟ್ಟರು ಒಳಗೆ ಹೋಗಿ ಲೆಕ್ಕ ಹಾಕಿ ಬಂದಿದ್ದರು. "ಹುಳಿಗೆ ಎಣ್ಣೆ ಒಗ್ಗರಣೆ. ಪಾಯಸ ಕಾಯಿಹಾಲಿಂದು, ತುಪ್ಪದಲ್ಲಿ ಹುರಿದ ಗೋಡಂಬಿ ಇನ್ನೂ ಹಾಕಿಲ್ಲ. ಕೋಸಂಬರಿ, ಗೊಜ್ಜು, ಚಿತ್ರಾನ್ನ ಎಲ್ಲಾ ನಿನ್ನ ಕಡೇವೇ. ಮೊದ್ಲೇ ಹೇಳ್ಬಾರ್ದಾ ತಾಯಿ, ನಾನು ಏನೋ ಅಂದ್ಕೊಂಡಿದ್ದೆ." ಗೋಡಂಬಿಯ ಬಟ್ಟಲು ನೇರವಾಗಿ ಮಾವನ ಎಲೆಗೆ ಹೋಯಿತು.

ಬಿ12ರ ಬಾಣವೊಂದು ನನ್ನ ಬತ್ತಳಿಕೆಯಲ್ಲಿ ಉಳಿದಿತ್ತು. ಗಿಡದ ಆಹಾರದಲ್ಲಿ ಅದು ಸಿಗದು, ನರಗಳಿಗೆ ಕುತ್ತು ಎಂದೆ.

"ನಂದು ಸರಿಯಾಗೇ ಇದೆ ಚಿಕ್ಕಪ್ಪ, ಮಾತ್ರೆ ತಗೋತೀನಿ. ನಿಮ್ದು?"

ನನ್ನ ಬಿ12 ವರದಿ ಹೋದ ತಿಂಗಳಷ್ಟೇ ಬಂದಿತ್ತು. ಹೊತ್ತು ಹೊತ್ತಿಗೆ ಮೊಸರು ತಿಂದೂ ಇರಬೇಕಾದ್ದಕ್ಕಿಂತ ಬಹಳ ಕೆಳಗೆ. ವಯಸ್ಸಾದಂತೆ ಹೊಟ್ಟೆ ಅದನ್ನು ಸರಿಯಾಗಿ ಹೀರುವುದಿಲ್ಲವಂತೆ. ಜತೆಗೆ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ನುಂಗಿದ ಮೆಟ್‌ಫಾರ್ಮಿನ್ ಕೂಡ ಅದನ್ನು ತಗ್ಗಿಸುತ್ತದಂತೆ. ನನ್ನ ಮೌನವನ್ನು ಅವಳು ಸರಿಯಾಗಿಯೇ ಓದಿದಳು. ಚೀಲದಿಂದ ಮಾತ್ರೆಯ ಹಾಳೆ ತೆಗೆದು ನನ್ನ ಲೋಟದ ಪಕ್ಕದಲ್ಲಿಟ್ಟಳು.

ಮೊಸರು ಬಡಿಸಲು ಬಂದ ಭಟ್ಟರು ಅದನ್ನು ಕಂಡರು. "ಇದು ಯಾವ ಗಿಡದ್ದು ತಾಯಿ?"

"ಗಿಡದ್ದಲ್ಲ ಭಟ್ರೇ, ಸೂಕ್ಷ್ಮಜೀವಿಗಳು ಮಾಡೋದು."

ಭಟ್ಟರು ಕೈಯಲ್ಲಿದ್ದ ಪಾತ್ರೆಯನ್ನೊಮ್ಮೆ ನೋಡಿ, "ಹಂಗಾದ್ರೆ ಇದೂ ಅವ್ರದ್ದೇ ಕೈಯಡುಗೆ" ಎಂದು ನನ್ನ ಎಲೆಗೆ ಎರಡು ಸೌಟು ಬಿಟ್ಟು ಮುಂದೆ ಹೋದರು.