ರಂಗಮ್ಮನ ಮನೆ ಯಾವ ಫೇಸು?

(ಜಗಲಿಯ ಮೇಲೆ ಪ್ರಜ್ವಲ್, ಲ್ಯಾಪ್‌ಟಾಪ್. ಪಕ್ಕದಲ್ಲಿ ರಿಟೈರಾದ ಲೈನ್‌ಮ್ಯಾನ್ ಶಿವಣ್ಣ, ಎಲೆಅಡಿಕೆ ತಟ್ಟೆ.)

ಪ್ರಜ್ವಲ್: ಮಾವ, ಇಲ್ನೋಡಿ. ನಮ್ಮೂರಿನ ಕರೆಂಟೆಲ್ಲಾ ಇದರೊಳಗಿದೆ!

ಶಿವಣ್ಣ: ಅದಕ್ಕೇ ಮನೇಲಿ ಬೆಳಿಗ್ಗೆಯಿಂದ ಇಲ್ಲ.

ಪ್ರಜ್ವಲ್: ತಮಾಷೆ ಬೇಡಿ. ಇದು ಡಿಜಿಟಲ್ ಟ್ವಿನ್. ಸ್ಯಾಟಲೈಟ್ ಫೋಟೋ ನೋಡಿ ಎಐ ಮನೆ ಎಣಿಸ್ತು, ರಸ್ತೆ ಪಕ್ಕ ಲೈನ್ ಎಳೀತು, ಮನೆಗಳನ್ನ ಮೂರು ಫೇಸ್‌ಗೂ ಸಮವಾಗಿ ಹಂಚ್ತು. ಒಂದೇ ರಾತ್ರೀಲಿ!

ಶಿವಣ್ಣ: ಪಂಕ್ತೀಲಿ ಪಾಯಸ ಬಡಿಸಿದ ಹಾಗೆ! ರಂಗಮ್ಮನ ಮನೆ ಯಾವ ಫೇಸು?

ಪ್ರಜ್ವಲ್: (ಬಟನ್ ಒತ್ತಿ) ಆರ್.

ಶಿವಣ್ಣ: ಬೆಳಿಗ್ಗೆ ಆರ್. ಟೀವಿ ಕುಣಿದ್ರೆ ಚೇಂಜೋವರ್ ತಿರುಗಿಸ್ತಾಳೆ, ವೈ. ಸೊಸೆ ಗ್ರೈಂಡರ್ ಹಾಕಿದ್ರೆ ಬಿ.

ಪ್ರಜ್ವಲ್: ಎಐ ಅದನ್ನೂ ಡೇಟಾದಿಂದ ಕಲಿಯುತ್ತೆ.

ಶಿವಣ್ಣ: ರಂಗಮ್ಮ ಡೇಟಾ ಕೊಡ್ತಾಳಾ? ಸಾಲ ಕೊಟ್ಟೋರಿಗೇ ಅವಳು ಮುಖ ಕೊಡಲ್ಲ. ಹೋಗ್ಲಿ, ಪಂಪ್‌ಸೆಟ್ಟು?

ಪ್ರಜ್ವಲ್: ರೆಕಾರ್ಡ್ ಪ್ರಕಾರ ಎಲ್ಲಾ 5 ಎಚ್‌ಪಿ.

ಶಿವಣ್ಣ: ಬೋರು 800 ಅಡಿಗೆ ಹೋಗಿದೆ. ಮೋಟಾರಿನ ಮೇಲಿನ ತಗಡು 5 ಅನ್ನುತ್ತೆ, ರಿವೈಂಡ್ ಆಗಿರೋ ಒಳಗಿನ ಸುರುಳಿ ಏಳೂವರೆ ಎಳೆಯುತ್ತೆ. 10 ಎಚ್‌ಪಿವರೆಗೆ ಕರೆಂಟ್ ಪುಕ್ಕಟೆ, ಮೀಟರಿಲ್ಲದ ಸೆಟ್ಟುಗಳೇ ಹೆಚ್ಚು. ಎಷ್ಟು ಯೂನಿಟ್ ಹೋಯ್ತು ಅನ್ನೋದೇ ಅಂದಾಜು. ಅದರ ಮೇಲೆ ನಿನ್ನ ಕಂಪ್ಯೂಟರಿನ ಅಂದಾಜು!

ಪ್ರಜ್ವಲ್: ಆದ್ರೂ ನೋಡಿ, ಕೊನೇ ಕಂಬದಲ್ಲೂ 228 ವೋಲ್ಟ್ ಬರ್ತಿದೆ.

ಶಿವಣ್ಣ: ಸ್ಕ್ರೀನಲ್ಲಿ ಬರ್ತಿದೆ. ಆ ಕಂಬದ ಮನೇಲಿ ಸಂಜೆ ಟ್ಯೂಬ್‌ಲೈಟ್ ಹತ್ತಲ್ಲ. ತಂತಿ ಯಾವುದು ಅಂತ ಹಾಕಿದ್ದೀಯ?

ಪ್ರಜ್ವಲ್: ರ್ಯಾಬಿಟ್. ಎಐ ಊಹೆ.

ಶಿವಣ್ಣ: ಮೊದಲ ಏಳು ಕಂಬ ರ್ಯಾಬಿಟ್. ಮುಂದಿನದು ಗಾಳಿಗೆ ಬಿದ್ದಾಗ ಸ್ಟೋರಲ್ಲಿ ಇದ್ದದ್ದು ವೀಸಲ್, ಅದನ್ನೇ ಎಳೆದ್ವಿ. ರ್ಯಾಬಿಟ್‌ಗೆ ಕಿಲೋಮೀಟರಿಗೆ ಸುಮಾರು 0.55 ಓಮ್, ವೀಸಲ್‌ಗೆ 0.9. ಕರೆಂಟ್ ದುಪ್ಪಟ್ಟಾದ್ರೆ ತಂತೀಲಿ ನಷ್ಟ ನಾಕು ಪಟ್ಟು. ಲೋಡ್ ಸಮ ಇಲ್ಲದೆ ನ್ಯೂಟ್ರಲ್ ಜಾಯಿಂಟೂ ಸಡಿಲ ಇದ್ರೆ ಒಂದು ಮನೇಲಿ 180 ವೋಲ್ಟು, ಪಕ್ಕದ ಮನೇಲಿ 270. ನಿನ್ನ ಹಂಚಿಕೇಲಿ ಇಂಥದ್ದು ಎಲ್ಲಿ ಕಾಣುತ್ತೆ?

ಪ್ರಜ್ವಲ್: ಪ್ರಪಂಚವೆಲ್ಲಾ ಮಾಡೆಲ್ ಮೇಲೇ ಕೆಲಸ ಮಾಡ್ತಿದೆ ಮಾವ. ಐಇಇಇಯ 34 ನೋಡ್ ಮಾಡೆಲ್ ಕೇಳಿದ್ದೀರಾ?

ಶಿವಣ್ಣ: ಅದು ಎಲ್ಲಿಂದ ಬಂತು?

ಪ್ರಜ್ವಲ್: ಅಮೆರಿಕದ ಅರಿಜೋನಾದಲ್ಲಿರೋ ನಿಜವಾದ ಫೀಡರ್‌ನಿಂದ...

ಶಿವಣ್ಣ: ಅಂದ್ರೆ ಅಲ್ಲೂ ಯಾರೋ ಲೈನ್ ಉದ್ದಕ್ಕೂ ನಡೆದಿದ್ದಾರೆ!

ಪ್ರಜ್ವಲ್: ಸ್ಮಾರ್ಟ್ ಮೀಟರ್ ಬರ್ಲಿ. ಒಂದೇ ಫೇಸಿನ ಮನೆಗಳ ವೋಲ್ಟೇಜ್ ಒಟ್ಟಿಗೇ ಏರಿಳಿಯುತ್ತೆ. ಯಾವ ಮನೆ ಎಲ್ಲಿದೆ ಅಂತ ಅದರಿಂದ ಹಿಡೀಬಹುದು.

ಶಿವಣ್ಣ: ರಂಗಮ್ಮಂದು?

ಪ್ರಜ್ವಲ್: ಅವರು ಯಾವಾಗ ತಿರುಗಿಸಿದ್ರು ಅನ್ನೋದೂ ಸಿಗುತ್ತೆ!

ಶಿವಣ್ಣ: ಹಾಗನ್ನು! ಅದು ಅಳತೆ. ಅಳತೆ ತಂದು ಸುರಿದ್ರೆ ನಿನ್ನ ಮಾಡೆಲ್‌ಗೆ ನಾನೇ ಪೂಜೆ ಮಾಡಿಸ್ತೀನಿ. ಎಸಿ ರೂಮಲ್ಲಿ ಕೂತು ಕಂಬ ನೆಡೋರನ್ನ ಕಂಡ್ರೆ ಮಾತ್ರ ನಂಗಾಗಲ್ಲ.

ಪ್ರಜ್ವಲ್: ಈಗ ಏನ್ಮಾಡ್ಲಿ?

ಶಿವಣ್ಣ: ಸಂಜೆ ಏಳೂವರೆಗೆ ಲೈನ್‌ಮ್ಯಾನ್ ಹುಡುಗ ಟ್ರಾನ್ಸ್‌ಫಾರ್ಮರ್ ಹತ್ರ ಕರೆಂಟ್ ಅಳೆಯೋ ಟಾಂಗ್ ಟೆಸ್ಟರ್ ತರ್ತಾನೆ. ಪುಸ್ತಕ, ಪೆನ್ನು ತಗೊಂಡು ಹೋಗು. 100 ಕೆವಿಎ ಟ್ರಾನ್ಸ್‌ಫಾರ್ಮರ್ ಅದು, ಪೂರ್ತಿ ಲೋಡಿಗೆ ಫೇಸಿಗೆ 133 ಆಂಪ್ಸು. ಹೋದ ವಾರ ವೈ ಫೇಸು ಒಂದೇ 160 ತೋರಿಸ್ತು.