ಬಾಡಿಗೆ ತರ್ಕಸಂಗ್ರಹ: ಬಿಳೇಕಹಳ್ಳಿ ಪ್ರಕರಣ

ಯಾವ ಶಾಸ್ತ್ರಗ್ರಂಥಕ್ಕೂ ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರು ಹಾಕಿಕೊಟ್ಟ ಕ್ರಮ. ಹೇಳುತ್ತೇವೆ. ವಿಷಯ: ಬಿಳೇಕಹಳ್ಳಿಯಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಅಧಿಕಾರಿ: ಸಂಬಳವಿದ್ದೂ ಸೂರಿಲ್ಲದವನು. ಸಂಬಂಧ: ಹನ್ನೊಂದು ತಿಂಗಳದ್ದು. ಪ್ರಯೋಜನ: ಕೊನೆಯಲ್ಲಿ ನೋಡೋಣ.

ಹನ್ನೊಂದೇ ಏಕೆ ಎಂದು ಪೂರ್ವಪಕ್ಷಿ ಕೇಳುತ್ತಾನೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕು. ಹನ್ನೆರಡನೇ ತಿಂಗಳೆಂಬ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತುವುದು ಯಾರಿಗೂ ಬೇಡ. ಹಾಗಾಗಿ ಬೆಂಗಳೂರಿನ ಬಾಡಿಗೆದಾರನ ಸಂವತ್ಸರಕ್ಕೆ ಹನ್ನೊಂದೇ ಮಾಸ. ಅದರಲ್ಲೂ ಆಷಾಢ ಶೂನ್ಯಮಾಸ, ಆಗ ಯಾರೂ ಮನೆ ಬದಲಿಸರು. ಖಾಲಿ ಬಿದ್ದ ಮನೆಯ ಓನರು ಆ ಒಂದು ತಿಂಗಳು ತುಸು ಮೆತ್ತಗಿರುತ್ತಾರಾದ್ದರಿಂದ ಬಲ್ಲವನು ಆಷಾಢದಲ್ಲಿ ಮಾತಾಡಿ ಶ್ರಾವಣದಲ್ಲಿ ಹಾಲು ಉಕ್ಕಿಸುತ್ತಾನೆ.

ಇನ್ನು ಕ್ಷೇತ್ರಮಹಿಮೆ. ಬನ್ನೇರುಘಟ್ಟ ರಸ್ತೆಯ ಈ ಕ್ಷೇತ್ರದಲ್ಲಿ, 1973ರಲ್ಲಿ ಸ್ಥಾಪನೆಯಾದ ಐಐಎಂ ವಿರಾಜಮಾನವಾಗಿದೆ. ಬಿ.ವಿ. ದೋಶಿ ವಿನ್ಯಾಸದ ಕಲ್ಲುಗೋಡೆಗಳ ನಡುವೆ, ಬೇಡಿಕೆ ಏರಿದರೆ ಬೆಲೆ ಏಕೆ ಏರುತ್ತದೆ ಎಂಬುದನ್ನು ಮೇಧಾವಿಗಳು ಎರಡು ವರ್ಷ ಅಧ್ಯಯನ ಮಾಡುತ್ತಾರೆ. ಕಾಂಪೌಂಡಿನಾಚೆ ಟೀ ಅಂಗಡಿ ಮುಂದೆ ನಿಂತ ಬ್ರೋಕರು ಅದನ್ನೇ ಅರ್ಧ ಟೀಯಲ್ಲಿ ಮುಗಿಸುತ್ತಾರೆ: ‘ಮೆಟ್ರೋ ಬರ್ತಾ ಇದೆ ಸಾರ್, ನಾಳೆ ಈ ರೇಟ್ ಸಿಗಲ್ಲ.’ ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಸುಮಾರು 21 ಕಿ.ಮೀ. ಉದ್ದದ ಗುಲಾಬಿ ಮಾರ್ಗ ಇದು. ಇಲ್ಲಿ ರೈಲಿಗಿಂತ ಮೊದಲು ಓಡಿದ್ದು ಬಾಡಿಗೆ.

ಈಗ ಪ್ರಮಾಣ ವಿಚಾರ. ನೈಯಾಯಿಕರು ಜ್ಞಾನಕ್ಕೆ ನಾಲ್ಕು ದಾರಿ ಹೇಳಿದ್ದಾರೆ. ಮೊದಲನೆಯದು ಪ್ರತ್ಯಕ್ಷ, ಕಣ್ಣಾರೆ ಕಂಡದ್ದು. ಆದರೆ ಹಗಲು ಹನ್ನೊಂದಕ್ಕೆ ಎಲ್ಲ ಟ್ಯೂಬ್‌ಲೈಟ್ ಹಾಕಿ ತೋರಿಸುವ ಮನೆಯಲ್ಲಿ ಕಣ್ಣಿಗೆ ಕಂಡದ್ದು ಟ್ಯೂಬ್‌ಲೈಟ್ ಮಾತ್ರ. ಕಿಟಕಿ ತೆಗೆದರೆ ಪಕ್ಕದ ಮನೆಯವರ ಒಗ್ಗರಣೆ ಸೌಟು ಕೈಗೆಟಕುತ್ತದೆ. ಎರಡನೆಯದು ಅನುಮಾನ: ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆಯೆಂದು ತಿಳಿಯುವುದು. ಅದೇ ರೀತಿ ಬಚ್ಚಲಲ್ಲಿ ನೀಲಿ ಡ್ರಮ್ ಕಂಡರೆ ನೀರಿದೆ ಎಂದು ಊಹಿಸಿದವನು ಹೇತ್ವಾಭಾಸಕ್ಕೆ ಬಿದ್ದ. ನಲ್ಲಿಯಲ್ಲಿ ನೀರು ಬರುವ ಮನೆಯಲ್ಲಿ ಡ್ರಮ್ಮಿಗೆ ಕೆಲಸವೇನು? 2024ರ ಮಾರ್ಚ್‌ನಲ್ಲಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿದಾಗ ಈ ಡ್ರಮ್-ನ್ಯಾಯ ನಗರಕ್ಕೆಲ್ಲ ಮನದಟ್ಟಾಯಿತು.

ಉಪಮಾನ ಅಷ್ಟೇನೂ ತಾಪತ್ರಯದ್ದಲ್ಲ. ಹಸುವಿನಂತೆ ಇರುವುದು ಗವಯ ಎಂದು ಕೇಳಿ ಕಾಡಿಗೆ ಹೋದವನು ಗವಯವನ್ನು ಗುರುತಿಸುತ್ತಾನಂತೆ. ‘ಜಯನಗರದ ಥರಾನೇ ಸಾರ್, ಬಾಡಿಗೆ ಮಾತ್ರ ಕಮ್ಮಿ’ ಎಂದು ಕೇಳಿ ಹೋದವನಿಗೆ ಗವಯವೇ ಸಿಗುತ್ತದೆ. ಉಳಿದದ್ದು ಶಬ್ದ, ಆಪ್ತರ ಮಾತು. ಅದನ್ನು ಕೊನೆಗಿಟ್ಟುಕೊಂಡಿದ್ದೇವೆ, ಕಾರಣವಿದೆ.

ಈ ಮೂರು ಪ್ರಮಾಣ ದಾಟಿ ಮನೆ ಒಪ್ಪಿಗೆಯಾಯಿತೆನ್ನಿ. ಆ ಕ್ಷಣದಿಂದ ಪರೀಕ್ಷಕ ಯಾರು, ಪರೀಕ್ಷೆಗೆ ಕೂತವನು ಯಾರು ಎಂಬುದು ಅದಲುಬದಲಾಗುತ್ತದೆ. ಓನರಮ್ಮ ಮೊದಲನೇ ಮಹಡಿಯ ವರಾಂಡದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿರುತ್ತಾರೆ. ಕುರ್ಚಿ ಒಂದೇ ಇರುತ್ತದೆ.

‘ಯಾವೂರಾಯ್ತು?’

‘ತುರುವೇಕೆರೆ ಕಡೆ, ಅಮ್ಮಾ.’

‘ತುರುವೇಕೆರೇಲಿ ಯಾರ ಪೈಕಿ?’

(ಇದು ಜಾತಿ ಕೇಳಿದ್ದಲ್ಲ, ಭೂಗೋಳದ ಪ್ರಶ್ನೆ ಎಂಬುದು ಓನರ ಪರಂಪರೆಯ ಭಾಷ್ಯ. ಸರಿಯಾದ ಊರು ಹೇಳಿಯೂ ‘ಯಜಮಾನರನ್ನ ಕೇಳಿ ಫೋನ್ ಮಾಡ್ತೀವಿ’ ಎಂಬ ಉತ್ತರ ಪಡೆದವರು ಈ ಭಾಷ್ಯವನ್ನು ಒಪ್ಪಿಲ್ಲ. ನಾವೂ ಒಪ್ಪುವುದಿಲ್ಲ.)

‘ಊರಿಂದ ಜನ ಬಂದು ಹೋಗಿ ಮಾಡ್ತಾರಾ?’

‘ಅಪರೂಪಕ್ಕೆ.’

‘ಬರ್ಲಿ ಬಿಡಪ್ಪ. ನೀರಿನ ಲೆಕ್ಕಕ್ಕೆ ಕೇಳ್ದೆ. ಮಟನ್ನು ಗಿಟನ್ನು?’

ಮೊಳೆ ಹೊಡೆಯಬಾರದು, ಗೇಟು ಹತ್ತಕ್ಕೆ, ಎರಡನೇ ಬೈಕು ರೋಡಲ್ಲಿ ಎಂಬ ವಿಧಿನಿಷೇಧಗಳು ಮುಗಿದ ಮೇಲೆ ಪ್ರಬಂಧದ ಹೃದಯಭಾಗ ಬರುತ್ತದೆ, ಅದು ಅಡ್ವಾನ್ಸು.

ಬಾಡಿಗೆ 28,000 ಎಂದಿಟ್ಟುಕೊಳ್ಳಿ. ಹತ್ತು ತಿಂಗಳ ಅಡ್ವಾನ್ಸ್ ಎಂಬ ಪ್ರಾಚೀನ ಸಂಪ್ರದಾಯವನ್ನು ಕಾಲಿಗೆ ಬಿದ್ದು ಆರಕ್ಕಿಳಿಸಿದರೂ 1,68,000. ಬ್ರೋಕರಿಗೆ ಒಂದು ತಿಂಗಳದ್ದು, ಬಿಡುವಾಗ ಪೇಂಟಿಂಗಿಗೆ ಇನ್ನೊಂದು ತಿಂಗಳದ್ದು. ಕಾನೂನಿಲ್ಲವೇ ಎಂದರೆ, ಇದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಯ ತಂಟೆಗೆ ಹೋಗುವುದಿಲ್ಲ. ಆ ದುಡ್ಡಿಗೆ ಇಲ್ಲಿ ಮನೆಯಿರಲಿ, ಕಾರು ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೂಡದು ಎನ್ನುತ್ತದೆ. ಬಿಳೇಕಹಳ್ಳಿಯ ಕ್ರಾಸುಗಳಿಗೆ ಅದಿನ್ನೂ ತಲುಪಿಲ್ಲ, ಜಯದೇವ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರಬಹುದು.

ಅಡ್ವಾನ್ಸಿನ ಸ್ವರೂಪ ತಿಳಿಯಲು ವೈಶೇಷಿಕರ ಅಭಾವ ಪದಾರ್ಥವೇ ಗತಿ. ಇಲ್ಲದಿರುವುದೂ ಒಂದು ಪದಾರ್ಥ ಎಂದವರು ಖಂಡಿತ ಬಾಡಿಗೆ ಮನೆಯಲ್ಲಿದ್ದವರು. ಗಡಿಗೆ ಹುಟ್ಟುವ ಮುಂಚಿನ ಇಲ್ಲದಿರುವಿಕೆ ಪ್ರಾಗಭಾವ, ಅದಕ್ಕೆ ಆದಿಯಿಲ್ಲ, ಅಂತ್ಯವಿದೆ. ಪಿ.ಎಫ್. ತೆಗೆದು, ಹೆಂಡತಿಯ ಬಳೆ ಅಡವಿಟ್ಟ ದಿನ ಅದು ಕೊನೆಗೊಳ್ಳುತ್ತದೆ. ಗಡಿಗೆ ಒಡೆದ ಮೇಲಿನದು ಪ್ರಧ್ವಂಸಾಭಾವ, ಅದಕ್ಕೆ ಆದಿಯಿದೆ, ಅಂತ್ಯವಿಲ್ಲ. ಚೆಕ್ಕು ಓನರ ಕೈಸೇರಿದ ಕ್ಷಣವೇ ಆ ಆದಿ. ಬಟ್ಟೆ ಗಡಿಗೆಯಲ್ಲ ಎಂಬುದು ಅನ್ಯೋನ್ಯಾಭಾವ. ಕೊಟ್ಟ ಅಡ್ವಾನ್ಸೇ ಬೇರೆ, ಬರುವ ಅಡ್ವಾನ್ಸೇ ಬೇರೆ. ಇನ್ನು ಅತ್ಯಂತಾಭಾವವನ್ನು ನೋಡಬೇಕೆಂದರೆ ಓನರ ಬ್ಯಾಂಕ್ ಖಾತೆ ನೋಡಬೇಕು. ನಿಮ್ಮ ದುಡ್ಡು ಅಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ಅದು ನೇರ ಹೋಗಿ ಮೂರನೇ ಮಹಡಿಯಾಯಿತು, ಅಲ್ಲೀಗ ಇನ್ನೊಬ್ಬರು ಬಾಡಿಗೆಗಿದ್ದಾರೆ.

ಕರಾರು ಮುಗಿದು ಮನೆ ಬಿಡುವ ಮಾತು ತೆಗೆದಾಗ ಓನರು ಬಲು ಸೌಜನ್ಯದಿಂದ ಹೇಳುತ್ತಾರೆ: ‘ಮುಂದಿನವರು ಅಡ್ವಾನ್ಸ್ ಕೊಟ್ಟ ತಕ್ಷಣ ನಿಮ್ಮದು ಕೊಟ್ಬಿಡ್ತೀನಿ.’ ಮುಂದಿನವರದು? ಅವರ ಮುಂದಿನವರು ಕೊಡುತ್ತಾರೆ. ತಾರ್ಕಿಕರು ಇದನ್ನು ಅನವಸ್ಥಾ ದೋಷವೆಂದು ತಳ್ಳಿಹಾಕಿದರು. ಓನರು ಅದನ್ನು ಕಟ್ಟಡ ಕಟ್ಟುವ ವಿಧಾನ ಮಾಡಿಕೊಂಡರು.

ಶಬ್ದ ಪ್ರಮಾಣದ ಸರದಿ ಈಗ. ಭಾನುವಾರ ಹೊಸಬರು ಮನೆ ನೋಡಲು ಬರುತ್ತಾರೆ. ಬ್ರೋಕರನ್ನು ನಂಬದ ಜಾಣ ಗಂಡ, ನಮ್ಮ ಬಾಡಿಗೆದಾರನನ್ನೇ ಅಡುಗೆಮನೆ ಮೂಲೆಗೆ ಕರೆದು ದನಿ ತಗ್ಗಿಸಿ ಕೇಳುತ್ತಾನೆ:

‘ನೀವು ಇಲ್ಲೇ ಇದ್ದೋರು, ನಿಜ ಹೇಳಿ ಸಾರ್. ನೀರು ಹೆಂಗೆ?’

ಬಾಡಿಗೆದಾರನಿಗೆ ಆತನ ಹೆಗಲಾಚೆ ಬಚ್ಚಲ ಬಾಗಿಲು ಕಾಣುತ್ತದೆ. ಡ್ರಮ್ಮುಗಳನ್ನು ಬೆಳಗ್ಗೆಯೇ ಟೆರೇಸಿಗೆ ಸಾಗಿಸಿಯಾಗಿದೆ. ಅವನ 1,68,000 ಈಗ ಎದುರಿಗೆ ನಿಂತವನ ಜೇಬಿನಲ್ಲಿದೆ.

‘ಕಾವೇರಿ ಇದೆ, ಬೋರೂ ಇದೆ ಸಾರ್,’ ಎನ್ನುತ್ತಾನೆ. ‘ಓನರಂತೂ ದೇವರಂಥೋರು. ಬೇಗ ಟೋಕನ್ ಕೊಟ್ಬಿಡಿ, ಇನ್ನಿಬ್ರು ನೋಡ್ಕೊಂಡು ಹೋಗಿದಾರೆ.’