ಬಾಳೆಹೊಸೂರಿನ ಮನೆಗಳಲ್ಲಿ ಹ್ಯಾಲೋವೀನ್ ಸಿದ್ಧತೆ: ಒಂದು ಕುಂಬಳಶಾಸ್ತ್ರೀಯ ಜಿಜ್ಞಾಸೆ

ಅಕ್ಟೋಬರ್ 31ರ ರಾತ್ರಿ ಸತ್ತವರು ಮತ್ತೆ ಊರ ಕಡೆ ಹೊರಳುತ್ತಾರೆಂಬ ನಂಬಿಕೆ ಐರ್ಲೆಂಡಿನದು. ಅವರನ್ನು ಹೊಸ್ತಿಲಾಚೆಯೇ ತಡೆಯಲು ಅಲ್ಲಿನವರು ಟರ್ನಿಪ್ ಗಡ್ಡೆಯ ಒಡಲು ಕೊರೆದು, ಕಣ್ಣು ಬಾಯಿ ಕೆತ್ತಿ, ಒಳಗೆ ಬೆಳಕು ಇಡುತ್ತಿದ್ದರು. 19ನೇ ಶತಮಾನದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಲಕ್ಷಗಟ್ಟಲೆ ಜನ ಅಮೆರಿಕಕ್ಕೆ ಗುಳೆ ಹೋದರು. ಅಲ್ಲಿ ಗಡ್ಡೆಗಿಂತ ದೊಡ್ಡದೂ ಕೊರೆಯಲು ಸುಲಭವೂ ಆದ ಕುಂಬಳಕಾಯಿ ಕೈಗೆ ಸಿಕ್ಕಿತು. ಆಲೂಗಡ್ಡೆ ಕೊಳೆತು ಕುಂಬಳಕಾಯಿಗೆ ಮುಖ ಬಂದ ಈ ಕಾರ್ಯಕಾರಣ ಸಂಬಂಧಕ್ಕೆ ತಾರ್ಕಿಕರು ಕೊಡಬೇಕಾದ ಮರ್ಯಾದೆ ಕೊಟ್ಟಿಲ್ಲ. ಅದಿರಲಿ. ಗದಗ ಜಿಲ್ಲೆಯ ಬಾಳೆಹೊಸೂರಿನ ಮನೆಯೊಂದನ್ನು ಈ ಹಬ್ಬಕ್ಕೆ ಅಣಿಗೊಳಿಸುವುದು ಹೇಗೆ ಎಂಬುದು ಪ್ರಸ್ತುತ ಪ್ರಶ್ನೆ. ನಮ್ಮ ಸಿದ್ಧಾಂತ ಇಷ್ಟೇ: ಆ ಮನೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಅಣಿಯಾಗಿಯೇ ಇರುತ್ತದೆ, ಕಾಯಿಗೆ ಮುಖ ಕೆತ್ತುವುದು ಕಾಯಿಯ ಮೇಲೆ ಭರವಸೆ ಇಲ್ಲದವರ ಕೆಲಸ.

ಪ್ರತ್ಯಕ್ಷ ಪ್ರಮಾಣ ತಲೆಬಾಗಿಲ ಮೇಲೆಯೇ ತೂಗುತ್ತಿದೆ. ಬೂದುಗುಂಬಳಕ್ಕೆ ಅರಿಶಿನ ಕುಂಕುಮ ಬಳಿದು, ಹಗ್ಗದ ನೆಲುವಿನಲ್ಲಿ ಕೂರಿಸಿ ಕಟ್ಟಿರುತ್ತಾರೆ. ದಿನ ಕಳೆದಂತೆ ಮೈಮೇಲಿನ ಬೂದಿ ಉದುರುತ್ತದೆ, ಸಿಪ್ಪೆ ಕಂದುತ್ತದೆ, ತಳ ಮೆತ್ತಗಾಗುತ್ತದೆ. ಒಂದು ಮುಂಜಾನೆ ಹೊಸ್ತಿಲ ಮೇಲೆ ತೊಟ್ಟು ತೊಟ್ಟಾಗಿ ನೀರು ಬಿದ್ದು ನೊಣ ಮುಕುರುತ್ತವೆ. ಮನೆಯವರು ಬೇಸರಪಡುವುದಿಲ್ಲ. ‘ಭಾಳ ದೃಷ್ಟಿ ತಗೊಂಡೈತಿ’ ಎಂದು ಮೆಚ್ಚಿ, ಹೊಸದನ್ನು ಕಟ್ಟುತ್ತಾರೆ. ಈ ತರ್ಕದ ಬಿಗಿ ನೋಡಿ: ಕಾಯಿ ಕೊಳೆತರೆ ದೃಷ್ಟಿ ಹೀರಿತು, ಕೊಳೆಯದಿದ್ದರೆ ದೃಷ್ಟಿ ಹತ್ತಿರವೇ ಸುಳಿಯಲಿಲ್ಲ. ಎರಡೂ ಕಡೆಯಿಂದ ಗೆಲ್ಲುವ ಇಂಥ ಸಿದ್ಧಾಂತ ಯಾವ ವಿಶ್ವವಿದ್ಯಾಲಯಕ್ಕೂ ದಕ್ಕಿಲ್ಲ. ಅಮೆರಿಕದ ಕಾಯಿಯೂ ಕೊಳೆಯುತ್ತದೆ, ಆದರೆ ಆ ಕೊಳೆತಕ್ಕೆ ಯಾವ ಪುಣ್ಯವೂ ಇಲ್ಲ. ಕಳವಿನ ವಿಷಯದಲ್ಲೂ ನಮ್ಮದೇ ಮೇಲು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಲ್ಲಿ ಬೂದಿ ಅಂಟಿರುತ್ತದೆಂಬ ಭಯದಿಂದ. ನುಣುಪು ಮೈಯ ಕಿತ್ತಳೆ ಕಾಯಿ ಕದ್ದವನನ್ನು ಹಿಡಿಯಲು ಪೊಲೀಸರೇ ಬರಬೇಕು.

ಮುಖವೇ ಇಲ್ಲದ ಕಾಯಿಗೆ ದೆವ್ವ ಹೆದರೀತೇ ಎಂಬುದು ಪೂರ್ವಪಕ್ಷ. ಮುಖ ಬೇಕಾಗುವುದು ಅಕ್ಷರ ಬಾರದ ದೆವ್ವಕ್ಕೆ. 1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ರಾತ್ರಿ ಬಂದು ಕದ ತಟ್ಟುವ ದೆವ್ವ ಅದನ್ನು ಓದಿ, ಅರ್ಥ ಮಾಡಿಕೊಂಡು, ಹೇಳಿದಂತೆ ಕೇಳಿ ಹಿಂದಿರುಗುತ್ತಿತ್ತಂತೆ. ಕನ್ನಡ ಫಲಕವನ್ನು ಇಷ್ಟು ಶ್ರದ್ಧೆಯಿಂದ ಓದಿದ ಇನ್ನೊಂದು ವರ್ಗ ನಾಡಿನಲ್ಲಿಲ್ಲ. ಇನ್ನು ಕೊರೆಯುವ ಕಲೆ ನಮಗಿಲ್ಲವೆಂಬವರು ಆಯುಧ ಪೂಜೆಯ ದಿನ ಟ್ರ್ಯಾಕ್ಟರ್ ಮುಂದೆ ನಿಲ್ಲಲಿ: ಕಾಯಿಗೆ ತೂತು ಕೊರೆದು, ಕುಂಕುಮ ತುಂಬಿ, ಚಿಲ್ಲರೆ ಕಾಸು ಹಾಕಿ, ನೆಲಕ್ಕೆ ಅಪ್ಪಳಿಸುತ್ತಾರೆ. ಕಾಸು ಆಯಲು ಮಕ್ಕಳು ಮುಗಿಬೀಳುವುದರಿಂದ ಮಿಠಾಯಿ ಹಂಚುವ ವಿಧಿಯೂ ಅಲ್ಲಿಗೇ ಮುಗಿಯಿತು. ಮನೆಮನೆಗೆ ವೇಷ ಬರುವುದಿಲ್ಲವಲ್ಲ ಎಂದರೆ, ಭಾದ್ರಪದದಲ್ಲಿ ಬೇವಿನ ಸೊಪ್ಪಿನ ಬುಟ್ಟಿಯೊಳಗೆ ಕೂತು, ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು ಓಣಿಓಣಿ ತಿರುಗುವ ಜೋಕುಮಾರ ಯಾರು? ಅವನನ್ನು ಹೊತ್ತು ತಂದ ಹೆಣ್ಣುಮಕ್ಕಳಿಗೆ ಮೊರದಲ್ಲಿ ಜೋಳ ಬೀಳುತ್ತದೆ. ಚಾಕೊಲೇಟಿನಿಂದ ರೊಟ್ಟಿ ಆಗುವುದಿಲ್ಲ.

ಇಷ್ಟಾಗಿಯೂ ಮಕ್ಕಳು ಮೊಬೈಲು ನೋಡಿ ಹಟ ಹಿಡಿದರೆ ಕೆತ್ತಲೇಬೇಕಾದೀತು. ಆಗ ಏಳುವ ತೊಡಕು ಸಣ್ಣದಲ್ಲ. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕುವಂತಿಲ್ಲ ಎಂಬುದು ಹಳೆಯ ಕಟ್ಟು. ಗಂಡಸೊಬ್ಬ ಬಂದು ಸೀಳಿಕೊಟ್ಟ ಮೇಲೆಯೇ ಈಳಿಗೆಗೆ ಮುಂದಿನ ಕೆಲಸ. ನಿತ್ಯದ ಅಡುಗೆಯಲ್ಲಿ ಒಲೆಯ ಹತ್ತಿರ ಸುಳಿಯದ ಯಜಮಾನ ಈ ಒಂದು ಏಟಿನ ಬಲದಿಂದ ಪಾಕಶಾಸ್ತ್ರದಲ್ಲಿ ಪಾಲುದಾರ. ಅವನು ಲಕ್ಷ್ಮೇಶ್ವರಕ್ಕೆ ಹೋದವನು ಹೊತ್ತು ಮುಳುಗಿದರೂ ಬರದಿದ್ದರೆ ಕಾಯಿ ಇಡಿಯಾಗಿಯೇ ಉಳಿಯುತ್ತದೆ, ಹ್ಯಾಲೋವೀನ್ ಮುಂದೆ ಹೋಗುತ್ತದೆ. ಬಾಗಿಲಿಗೆ ಬಂದ ದೆವ್ವಕ್ಕೆ ‘ನಾಳೆ ಬಾ’ ಎನ್ನಬಹುದು. ನಾಳೆ ನವೆಂಬರ್ 1, ರಾಜ್ಯೋತ್ಸವ, ಸರ್ಕಾರಿ ರಜೆ.